ಒಂದು ಅಲ್ಪವಿರಾಮ ಕಲಿಸಿದ ಪಾಠ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಊರಿಗೆ ಬಂದಾಗಲೆಲ್ಲ ಕೇಳುತ್ತೀರಿ: "ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಏನಪ್ಪಾ ಮಾಡ್ತೀಯ?" ಬಿ.ಇ. ಮುಗಿಸಿ ಇಷ್ಟು ವರ್ಷವಾದರೂ ನಾನು ಸರಿಯಾದ ಉತ್ತರ ಕೊಟ್ಟಿಲ್ಲ. ಇವತ್ತು ಕೊಡುತ್ತೇನೆ.

ಬಸ್ಸಿನ ಡ್ರೈವರ್ ಮುಂದೆ ವೇಗ, ಡೀಸೆಲ್ ತೋರಿಸುವ ಮೀಟರ್‌ಗಳಿರುತ್ತವಲ್ಲ, ಅಂಥದೇ ಫಲಕವನ್ನು ನಾವು ಕಂಪ್ಯೂಟರ್ ಪರದೆಯ ಮೇಲೆ ಮಾಡಿಕೊಡುತ್ತೇವೆ. ಅದು ಡ್ಯಾಶ್‌ಬೋರ್ಡ್. ಅದರ ಒಂದೊಂದು ಮೀಟರೂ ಒಂದು ವಿಜೆಟ್. ಎಕ್ಸ್‌ಟೆನ್ಷನ್ ಅಂದರೆ ಕ್ರೋಮ್, ಫೈರ್‌ಫಾಕ್ಸ್‌ನಂಥ ಬ್ರೌಸರಿಗೆ ಸೇರಿಸುವ ಸಣ್ಣ ಸಲಕರಣೆ. ಎರಡನ್ನೂ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್‌ನಲ್ಲೇ ಬರೆಯಬಹುದು. ಹಾಗಾಗಿ ಒಂದಕ್ಕೆ ಬರೆದ ನಾಲ್ಕು ಸಾಲು ಇನ್ನೊಂದಕ್ಕೂ ಆಗುತ್ತದೆ. ಅಂಥ ತುಣುಕಿಗೆ ಸ್ನಿಪೆಟ್ ಅನ್ನುತ್ತೇವೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಾರಾಟದ ಮೊತ್ತ ತೋರಿಸುವ ವಿಜೆಟ್ ಮಾಡಬೇಕಿತ್ತು. ಸಂಖ್ಯೆಗೆ ಅಲ್ಪವಿರಾಮ ಹಾಕುವ ಒಂದು ತುಣುಕು ಎಲ್ಲೋ ಸಿಕ್ಕಿತು. ಅದು ಹೇಗೆ ಕೆಲಸ ಮಾಡುತ್ತದೆಂದು ನೋಡಲಿಲ್ಲ. 5000 ಕೊಟ್ಟೆ, 5,000 ಎಂದು ಸರಿಯಾಗಿ ಬಂತು. ಅದನ್ನೇ ಆರು ವಿಜೆಟ್‌ಗೆ, ಒಂದು ಎಕ್ಸ್‌ಟೆನ್ಷನ್‌ಗೆ ಅಂಟಿಸಿದೆ.

ಆ ತುಣುಕು ಅಮೆರಿಕದವರ ಪದ್ಧತಿಯಂತೆ ಮೂರು ಮೂರು ಅಂಕಿಗೆ ಅಲ್ಪವಿರಾಮ ಹಾಕುತ್ತಿತ್ತು. ಲಕ್ಷದೊಳಗೆ ಎರಡೂ ಪದ್ಧತಿ ಒಂದೇ. ವ್ಯತ್ಯಾಸ ಕಾಣುವುದು ಲಕ್ಷ ದಾಟಿದ ಮೇಲೆ. ನಮ್ಮ 12,50,000 ಅಲ್ಲಿ 1,250,000 ಆಯಿತು. ಲೆಕ್ಕದ ವಿಭಾಗದ ಹಿರಿಯರೊಬ್ಬರು ಶುರುವಿನ 1,25 ಕಂಡು, ಅವಸರದಲ್ಲಿ ಒಂದು ಕೋಟಿ ಇಪ್ಪತ್ತೈದು ಲಕ್ಷ ಎಂದು ವರದಿ ಬರೆದರು. ತಪ್ಪು ನನ್ನದು, ಸಭೆಯಲ್ಲಿ ಬೈಸಿಕೊಂಡವರು ಅವರು.

ರಾತ್ರಿ ತಿದ್ದಲು ಕೂತೆ. ಏಳು ಕಡೆ ಅಂಟಿಸಿದ್ದನ್ನು ಏಳು ಕಡೆಯೂ ತಿದ್ದಬೇಕು. ಆರನ್ನು ತಿದ್ದಿದೆ, ಎಕ್ಸ್‌ಟೆನ್ಷನ್ ಮರೆತೆ. ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ದೂರು.

ಆಗ ನೆನಪಾದದ್ದು ಈ ಶಾಲೆಯ ಎಂಟನೇ ತರಗತಿ. ಪಕ್ಕದವನ ಪುಸ್ತಕ ನೋಡಿ ಲೆಕ್ಕ ಬರೆದಿದ್ದೆ. ನಮ್ಮ ಗಣಿತದ ಮೇಷ್ಟ್ರು, "ಉತ್ತರ ಸರಿ ಇದೆ, ಹೇಗೆ ಬಂತು ಹೇಳು" ಎಂದು ಬೋರ್ಡಿಗೆ ಕರೆದರು. ಸೀಮೆಸುಣ್ಣ ಹಿಡಿದು ಸುಮ್ಮನೆ ನಿಂತೆ. ಹಂತ ಬರೆಯದಿದ್ದರೆ ಅವರು ಅಂಕ ಕೊಡುತ್ತಿರಲಿಲ್ಲ. ಆದರೆ ಸೂತ್ರಗಳನ್ನು ಗೋಡೆಯ ಮೇಲೆ ಒಂದೇ ಚಾರ್ಟಿನಲ್ಲಿ ಬರೆಸಿದ್ದರು. "ಒಮ್ಮೆ ಸಾಧಿಸಿ ತೋರಿಸಿ, ಆಮೇಲೆ ಎಷ್ಟು ಲೆಕ್ಕಕ್ಕಾದರೂ ಬಳಸಿ" ಅನ್ನುತ್ತಿದ್ದರು.

ಈಗ ನಾನು ಮಾಡುವುದೂ ಅದನ್ನೇ. ಸಂಖ್ಯೆ ಬರೆಯುವ ಕೋಡು ಒಂದೇ ಫೈಲಿನಲ್ಲಿದೆ. ವಿಜೆಟ್, ಎಕ್ಸ್‌ಟೆನ್ಷನ್ ಎಲ್ಲವೂ ಅದನ್ನೇ ಕರೆದು ಬಳಸುತ್ತವೆ. ತಿದ್ದುವುದಿದ್ದರೆ ಒಂದೇ ಕಡೆ. ಸೊನ್ನೆ, ಋಣ ಸಂಖ್ಯೆ, ಸಾವಿರ, ಲಕ್ಷ, ಕೋಟಿ ಎಲ್ಲವನ್ನೂ ಕೊಟ್ಟು ಪರೀಕ್ಷಿಸಿದ ಮೇಲೇ ಹೊರಗೆ ಬಿಡುತ್ತೇನೆ. ಅಸಲಿಗೆ, ಭಾರತದ ಪದ್ಧತಿ ಎಂದು ಹೇಳಿದರೆ ಜಾವಾಸ್ಕ್ರಿಪ್ಟೇ ಲಕ್ಷ, ಕೋಟಿಗೆ ಸರಿಯಾಗಿ ಅಲ್ಪವಿರಾಮ ಹಾಕುತ್ತದೆ. ನಾನು ನಕಲು ಮಾಡಿದ ತುಣುಕು ಬೇಕೇ ಇರಲಿಲ್ಲ!

ಇದು ನನ್ನೊಬ್ಬನ ಕಥೆಯಲ್ಲ. 2016ರ ಮಾರ್ಚ್‌ನಲ್ಲಿ ಎನ್‌ಪಿಎಂ ಎಂಬ ಸಾರ್ವಜನಿಕ ಕೋಡ್ ಭಂಡಾರದಿಂದ ಲೆಫ್ಟ್-ಪ್ಯಾಡ್ ಎಂಬ 11 ಸಾಲಿನ ತುಣುಕನ್ನು ಬರೆದವರೇ ತೆಗೆದುಬಿಟ್ಟರು. ಅದನ್ನು ನೆಚ್ಚಿದ್ದ ಸಾವಿರಾರು ಪ್ರಾಜೆಕ್ಟ್‌ಗಳು ಕೆಲಹೊತ್ತು ಕೆಟ್ಟು ನಿಂತವು. ಎಷ್ಟೋ ಜನರಿಗೆ ತಾವು ಅದನ್ನು ಬಳಸುತ್ತಿದ್ದೇವೆಂಬುದೇ ಗೊತ್ತಿರಲಿಲ್ಲ.

ಮಕ್ಕಳೇ, ಈಗ ಮೊಬೈಲನ್ನು ಕೇಳಿದರೆ ಕೋಡೂ ಸಿಗುತ್ತದೆ, ಲೆಕ್ಕದ ಉತ್ತರವೂ ಸಿಗುತ್ತದೆ. ಇನ್ನೊಬ್ಬರದನ್ನು ಬಳಸುವುದು ತಪ್ಪಲ್ಲ. ಆದರೆ ಹೇಗೆ ಬಂತೆಂದು ಬೋರ್ಡಿನ ಮುಂದೆ ನಿಂತು ಹೇಳಬಲ್ಲೆವಾ ಎಂದು ನೋಡಿಕೊಳ್ಳಿ. ಮುಂದಿನ ಬೇಸಿಗೆ ರಜೆಯಲ್ಲಿ ಒಂದು ವಾರ ನಾನು ಇಲ್ಲೇ ಇರುತ್ತೇನೆ. ಮುಖ್ಯೋಪಾಧ್ಯಾಯರು ಒಪ್ಪಿದರೆ, ಶಾಲೆಯ ಹಾಜರಿ ತೋರಿಸುವ ಒಂದು ಪುಟ್ಟ ವಿಜೆಟ್ಟನ್ನು ಸೇರಿ ಮಾಡೋಣ. ಪ್ರತಿ ಸಾಲನ್ನೂ ನೀವೇ ವಿವರಿಸಬೇಕು.

ನಮ್ಮ ಗಣಿತದ ಮೇಷ್ಟ್ರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಸರ್, ಅವತ್ತು ಬೋರ್ಡಿನ ಮುಂದೆ ಹೇಳಲಾಗದೆ ನಿಂತಿದ್ದೆ. ತಡವಾಗಿಯಾದರೂ ಇವತ್ತು ಹಂತಗಳನ್ನು ಹೇಳಿದ್ದೇನೆ. ಅಂಕ ಕೊಡುವುದು ನಿಮಗೆ ಬಿಟ್ಟದ್ದು.