ಕಣ್ಣು ಬಂದ ಮಗು ಶಾಲೆಗೆ ಬರಬೇಕೆ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಲಿ ಎಂದು ಸಮಿತಿಯವರು ಕೇಳಿದ್ದರು. ಕಣ್ಣುಬೇನೆಯ ಬಗ್ಗೆ ಮಾತಾಡುತ್ತೇನೆ ಸಾರ್ ಎಂದೆ. ನಕ್ಕರು. ನಾನು ಡಾಕ್ಟರಲ್ಲ, ನಿಜ. ಆದರೆ ಮಗುವಿನ ಕಣ್ಣು ಕೆಂಪಗಾಗಿದ್ದು ಕಂಡಾಗ, ಬೆಳಿಗ್ಗೆ ಎಂಟು ಗಂಟೆಗೆ ಕಳಿಸಬೇಕೋ ಬೇಡವೋ ಎಂದು ತೀರ್ಮಾನಿಸುವವಳು ತಾಯಿ. ಪ್ರಾರ್ಥನೆಯ ಸಾಲಿನಲ್ಲಿ ಅದೇ ಮಗುವನ್ನು ಕಂಡು ಇರಿಸಿಕೊಳ್ಳಬೇಕೋ ವಾಪಸ್ ಕಳಿಸಬೇಕೋ ಎಂದು ತೀರ್ಮಾನಿಸುವವರು ಮೇಷ್ಟ್ರು. ಇಬ್ಬರೂ ಡಾಕ್ಟರಲ್ಲ. ನನ್ನ ಮಾತು ಅವರಿಬ್ಬರಿಗೆ.

2023ರ ಮಳೆಗಾಲ ನಿಮಗೆ ನೆನಪಿರಬಹುದು. ರಾಜ್ಯದ ಎಷ್ಟೋ ಜಿಲ್ಲೆಗಳಲ್ಲಿ ಮದ್ರಾಸ್ ಐ ಹಬ್ಬಿತ್ತು. ನಮ್ಮಕ್ಕನ ಮಗಳು ಆಗ ಇದೇ ಶಾಲೆಯಲ್ಲಿ ಒಂಬತ್ತನೇ ತರಗತಿ. ಒಂದು ಭಾನುವಾರ ಅಕ್ಕನ ಫೋನ್ ಬಂತು.

"ತಮ್ಮಾ, ಮಗೀಗೆ ಕಣ್ಣು ಬಂದೈತೆ ಕಣೋ. ನಾಳೆಯಿಂದ ಟೆಸ್ಟ್ ಅಂತೆ. ಕಳಿಸ್ಲೋ ಬ್ಯಾಡ್ವೋ?"

"ನೀರು ಸುರೀತೈತಾ, ಗೀಜು ಕಟ್ಟೈತಾ?"

"ಬರೀ ನೀರು. ಬೆಳಿಗ್ಗೆ ಒಂದು ಕಣ್ಣು, ಈಗ ಎರಡೂ. ನಂದಿಬಟ್ಟಲು ಹೂವಿನ ರಸ ಬಿಡು ಅಂತ ಅತ್ತೆ ಹೇಳ್ತಾವ್ರೆ."

"ಏನೂ ಬಿಡಬೇಡಕ್ಕ. ಬೆಳಿಗ್ಗೆ ಮೊದಲು ಆಸ್ಪತ್ರೆಗೆ ಕರ್ಕೊಂಡು ಹೋಗು."

ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ನೋಡಿ, ಇದು ವೈರಸ್‌ನಿಂದ ಬಂದದ್ದು, ತಾನಾಗಿ ಹೋಗುತ್ತದೆ ಎಂದರು. ತಣ್ಣೀರಿನಲ್ಲಿ ಅದ್ದಿದ ಶುದ್ಧ ಬಟ್ಟೆ ಇಡಿ, ಟವೆಲು ದಿಂಬು ಬೇರೆ ಮಾಡಿ, ನೀರು ಸುರಿಯುವುದು ನಿಲ್ಲುವವರೆಗೆ ಮನೆಯಲ್ಲೇ ಇರಲಿ ಎಂದೂ ಹೇಳಿದರು. ಕ್ಲಾಸ್ ಟೀಚರಿಗೆ ಅಕ್ಕ ಫೋನ್ ಮಾಡಿದಳು. ಟೆಸ್ಟ್ ಆಮೇಲೆ ಬರೆಸೋಣ ಬಿಡಮ್ಮ ಎಂದರಂತೆ. ಮನೆಯಲ್ಲಿ ಅಜ್ಜಿ ಇದ್ದರು, ಮಧ್ಯಾಹ್ನಕ್ಕೆ ಮುದ್ದೆ ಇತ್ತು. ಹುಡುಗಿ ಐದು ದಿನ ಮನೆಯಲ್ಲಿದ್ದು ಆರನೇ ದಿನ ಶಾಲೆಗೆ ಹೋದಳು. ಅಕ್ಕನ ತೀರ್ಮಾನ ಸುಲಭವಾಯಿತು.

ಅದೇ ತರಗತಿಯಲ್ಲಿ ಇನ್ನೊಬ್ಬ ಹುಡುಗನಿದ್ದ. ಹೆಸರು ಬೇಡ. ಅವನಿಗೂ ಕಣ್ಣು ಬಂದಿತ್ತು. ಅಣ್ಣನ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಶಾಲೆಗೆ ಬಂದ. ಮೇಷ್ಟ್ರು ತೆಗೆಸಿ ನೋಡಿ ವಾಪಸ್ ಕಳಿಸಿದರು. ಮರುದಿನ ಮತ್ತೆ ಬಂದ. ಹುಡುಗರು ನಕ್ಕರಂತೆ. ನಮ್ಮಕ್ಕನ ಮಗಳು ಇದನ್ನು ತಮಾಷೆಯಾಗಿಯೇ ಹೇಳಿದಳು. ಕೊನೆಗೆ ಒಂದು ಮಾತು ಸೇರಿಸಿದಳು: "ಅವರ ಮನೇಲಿ ಮಧ್ಯಾಹ್ನ ಯಾರೂ ಇರಲ್ಲ ಮಾವ, ಊಟಕ್ಕೆ ಬರ್ತಾನೆ." ಅವನ ಅಪ್ಪ ಅಮ್ಮ ಇಬ್ಬರೂ ಏಳು ಗಂಟೆಗೆ ಕೂಲಿಗೆ ಹೊರಟರೆ ಬರುವುದು ಸಂಜೆಗೆ. ನಾನು ಇವತ್ತು ಮಾತಾಡಲು ನಿಂತದ್ದು ಈ ಹುಡುಗನಿಗಾಗಿ.

ಮೊದಲು ರೋಗದ ವಿಷಯ. ಕಣ್ಣು ಕೆಂಪಾದದ್ದೆಲ್ಲ ಅಂಟುರೋಗವಲ್ಲ. ಧೂಳಿಗೆ, ಹೂವಿನ ಪರಾಗಕ್ಕೆ ಎರಡೂ ಕಣ್ಣು ಕೆರೆಯುತ್ತ ಕೆಂಪಾದರೆ ಅದು ಅಲರ್ಜಿ, ಯಾರಿಗೂ ಹರಡುವುದಿಲ್ಲ. ಅಂಥ ಮಗುವನ್ನು ವಾಪಸ್ ಕಳಿಸುವುದು ಅನ್ಯಾಯ. ಹಳದಿ ಗೀಜು ಕಟ್ಟಿ ಬೆಳಿಗ್ಗೆ ರೆಪ್ಪೆ ಅಂಟಿಕೊಂಡಿದ್ದರೆ ಹೆಚ್ಚಾಗಿ ಬ್ಯಾಕ್ಟೀರಿಯಾ, ಅದಕ್ಕೆ ಡಾಕ್ಟರು ಕೊಡುವ ಡ್ರಾಪ್ಸ್ ಕೆಲಸ ಮಾಡುತ್ತದೆ. ನೀರು ಸುರಿಯುತ್ತ ಒಂದರಿಂದ ಇನ್ನೊಂದು ಕಣ್ಣಿಗೆ ಹೋಗುವುದು ಹೆಚ್ಚಾಗಿ ವೈರಸ್. ಮದ್ರಾಸ್ ಐ ಎನ್ನುವುದು ಇದನ್ನೇ. 1971ರಲ್ಲಿ ಇಂಥದ್ದೇ ಕಣ್ಣುಬೇನೆ ಬಂಗಾಳದಲ್ಲಿ ಹರಡಿದಾಗ ಅಲ್ಲಿನವರು ಅದಕ್ಕೆ ‘ಜೈ ಬಾಂಗ್ಲಾ’ ಎಂದು ಹೆಸರಿಟ್ಟರು. ಬೇನೆ ಎಲ್ಲಿಂದ ಬಂತೆಂದು ಬೆರಳು ತೋರಿಸುವ ಅಭ್ಯಾಸ ಎಲ್ಲ ಕಡೆಯೂ ಇದೆ, ನಮ್ಮಲ್ಲೂ ಯಾವ ಮನೆಯಿಂದ ಬಂತು ಎಂದು ಹುಡುಕುತ್ತೇವಲ್ಲ, ಹಾಗೆ.

ನೋಡಿದರೆ ಅಂಟುತ್ತದೆ ಎನ್ನುವುದು ಸುಳ್ಳು. ಕೂಲಿಂಗ್ ಗ್ಲಾಸ್ ಬೆಳಕಿನ ಚುಚ್ಚು ತಪ್ಪಿಸುತ್ತದೆಯೇ ಹೊರತು ರೋಗ ಹರಡುವುದನ್ನು ತಡೆಯುವುದಿಲ್ಲ. ಹರಡುವುದು ಕೈಯಿಂದ. ಕಣ್ಣೊರೆಸಿದ ಕೈ ನಲ್ಲಿಯ ತಿರುಪು ಮುಟ್ಟುತ್ತದೆ, ಅದೇ ತಿರುಪನ್ನು ಇನ್ನೊಬ್ಬ ಮುಟ್ಟಿ ಕಣ್ಣುಜ್ಜುತ್ತಾನೆ. ಈ ವೈರಸ್ ಒಣಗಿದ ಜಾಗದಲ್ಲೂ ದಿನಗಟ್ಟಲೆ ಬದುಕಿರಬಲ್ಲದು. ಸ್ಯಾನಿಟೈಸರ್‌ಗಿಂತ ಸೋಪು, ಹರಿಯುವ ನೀರು ಮೇಲು. ಇನ್ನು ಮೆಡಿಕಲ್ ಶಾಪಿನಲ್ಲಿ "ಕಣ್ಣಿನ ಡ್ರಾಪ್ಸ್ ಕೊಡಿ" ಎಂದು ಕೇಳಿ ತಂದು ಹಾಕುವುದು ದಯವಿಟ್ಟು ಬೇಡ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಬೇಗ ಇಳಿದಂತೆ ಕಾಣುತ್ತದೆ, ಒಳಗೆ ಹಾನಿಯಾಗಬಹುದು. ಎದೆಹಾಲು, ಸೊಪ್ಪಿನ ರಸವೂ ಬೇಡ. ಜೋರು ನೋವು, ಬೆಳಕು ನೋಡಲಾಗದಿರುವುದು, ದೃಷ್ಟಿ ಮಂಜಾಗುವುದು, ಇವುಗಳಲ್ಲಿ ಒಂದಿದ್ದರೂ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ಆಗ ಶಾಲೆಯ ಪ್ರಶ್ನೆಯೇ ಇಲ್ಲ.

ಬ್ರಿಟನ್ನಿನ ಆರೋಗ್ಯ ಇಲಾಖೆ, ಅಮೆರಿಕದ ಮಕ್ಕಳ ವೈದ್ಯರ ಸಂಘ ಎರಡೂ, ಕಣ್ಣು ಕೆಂಪಾಗಿದೆ ಎಂಬ ಒಂದೇ ಕಾರಣಕ್ಕೆ ಮಗುವನ್ನು ಶಾಲೆಯಿಂದ ಹೊರಗಿಡಬೇಕಿಲ್ಲ ಎನ್ನುತ್ತವೆ. ನಮ್ಮಲ್ಲಿ 2023ರಲ್ಲಿ ಮನೆಯಲ್ಲಿರಿಸಿ ಎಂಬ ಸಲಹೆ ಬಂತು. ಯಾವುದು ಸರಿ? ನನಗೆ ಅನಿಸುವುದು, ಇದರ ಉತ್ತರ ಪುಸ್ತಕದಲ್ಲಿಲ್ಲ, ನಮ್ಮ ಶಾಲೆಯ ನಲ್ಲಿಯ ಹತ್ತಿರ ಇದೆ. ಒಂದು ಡೆಸ್ಕಿಗೆ ಮೂವರು ಮಕ್ಕಳು, ಊಟದ ಹೊತ್ತಿಗೆ ನಲ್ಲಿಯ ಮುಂದೆ ನೂಕುನುಗ್ಗಲು, ಸೋಪಿಲ್ಲ. ಈ ಸ್ಥಿತಿಯಲ್ಲಿ ಕಣ್ಣಲ್ಲಿ ನೀರೋ ಗೀಜೋ ಸುರಿಯುತ್ತಿರುವ ಮಗು ಮನೆಯಲ್ಲಿರುವುದೇ ಸರಿ. ಸುರಿಯುವುದು ನಿಂತ ಮೇಲೆ, ಸ್ವಲ್ಪ ಕೆಂಪು ಉಳಿದಿದ್ದರೂ ಬರಲಿ. ಪೂರ್ತಿ ಬೆಳ್ಳಗಾಗುವವರೆಗೆ ಕಾಯುತ್ತ ಕೂತರೆ ಎರಡು ವಾರವಾದೀತು. ಎಸ್ಸೆಸ್ಸೆಲ್ಸಿ ಮಗುವಿಗೆ ಎರಡು ವಾರ ಎಂದರೆ ಗಣಿತದ ಒಂದು ಅಧ್ಯಾಯ ಹೋಯಿತು ಎಂದೇ ಲೆಕ್ಕ.

ನಮ್ಮ ಆಫೀಸಿನಲ್ಲಿ ಯಾರಿಗಾದರೂ ಕಣ್ಣು ಬಂದರೆ ಒಂದು ಸಾಲಿನ ಮೆಸೇಜ್ ಹಾಕಿ ಮನೆಯಿಂದ ಕೆಲಸ ಮಾಡುತ್ತಾರೆ. ಸಂಬಳ ನಿಲ್ಲುವುದಿಲ್ಲ. ಆ ಹುಡುಗನ ತಾಯಿ ಮನೆಯಲ್ಲಿ ಉಳಿದರೆ ಅವತ್ತಿನ ಕೂಲಿ ಇಲ್ಲ, ಹುಡುಗ ಮನೆಯಲ್ಲಿ ಉಳಿದರೆ ಬಿಸಿಯೂಟ ಇಲ್ಲ, ಹಾಲಿಲ್ಲ, ಮೊಟ್ಟೆಯಿಲ್ಲ. ಉಳಿದ ಮಕ್ಕಳ ಕಣ್ಣು ಕಾಪಾಡಲು ಅವನನ್ನು ಹೊರಗಿಡುತ್ತೇವೆ. ಲಾಭ ಎಲ್ಲರಿಗೂ, ನಷ್ಟ ಅವನೊಬ್ಬನಿಗೆ. ಹಾಗಿರುವಾಗ ಅವನು ಗ್ಲಾಸ್ ಹಾಕಿಕೊಂಡು ಬಂದದ್ದನ್ನು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ಗದರಿದರೆ ಮುಂದಿನ ಸಲ ಇನ್ನೂ ಚೆನ್ನಾಗಿ ಮುಚ್ಚಿಡುತ್ತಾನೆ, ಅಷ್ಟೇ.

ಮನೆಗೆ ಹೋಗು ಎನ್ನುವವರು ಅವನ ಹಿಂದೆ ಊಟವನ್ನೂ ಪಾಠವನ್ನೂ ಕಳಿಸಬೇಕು ಎಂದು ನನ್ನ ವಾದ. ಕೊರೋನಾ ಕಾಲದಲ್ಲಿ ಶಾಲೆ ಮುಚ್ಚಿದ್ದಾಗ ಬಿಸಿಯೂಟದ ಅಕ್ಕಿ ಬೇಳೆ ಮಕ್ಕಳ ಮನೆಗೆ ತಲುಪಿತ್ತು. ನಾಲ್ಕೈದು ದಿನಕ್ಕೆ ಒಬ್ಬ ಹುಡುಗನ ಊಟ ಪಕ್ಕದ ಮನೆಯ ಮಗುವಿನ ಕೈಯಲ್ಲಿ ಡಬ್ಬಿಯಲ್ಲಿ ಹೋಗಲು ಏನು ಕಷ್ಟ? ನಿಯಮ ಅಡ್ಡ ಬಂದರೆ ನಮ್ಮ ಬ್ಯಾಚಿನವರು ಆ ಖರ್ಚು ನೋಡಿಕೊಳ್ಳುತ್ತೇವೆ. ನೋಟ್ಸನ್ನು ಗೆಳೆಯನೊಬ್ಬ ಫೋಟೋ ತೆಗೆದು ಕಳಿಸಲಿ, ಫೋನಿಲ್ಲದ ಮನೆಗೆ ಬರೆದು ಕೊಡಲಿ. ಪುಸ್ತಕ ಎರವಲು ಕೊಟ್ಟು ವಾಪಸ್ ಪಡೆಯುವುದು ಆ ವಾರ ಬೇಡ. ಹಾಜರಿಯ ವಿಷಯ ಗುರುಗಳಿಗೇ ಬಿಡುತ್ತೇನೆ, ಡಾಕ್ಟರ ಚೀಟಿ ಇದ್ದ ಮಗುವಿಗೆ ಟೆಸ್ಟ್ ಮತ್ತೆ ಬರೆಸುವ ಪದ್ಧತಿ ಇಲ್ಲಿ ಆಗಲೇ ಇದೆ ಎಂಬುದು ನಮ್ಮಕ್ಕನ ಮಗಳಿಂದ ಗೊತ್ತು.

ಸುವರ್ಣ ಮಹೋತ್ಸವಕ್ಕೆ ನಮ್ಮ ಬ್ಯಾಚ್ ಏನು ಕೊಡಬೇಕು ಎಂದು ಚರ್ಚೆ ನಡೆದಿತ್ತು. ಕಮಾನು ಎಂದರು ಕೆಲವರು, ಧ್ವಜಕಟ್ಟೆಗೆ ಗ್ರಾನೈಟ್ ಎಂದರು ಇನ್ನು ಕೆಲವರು. ಕೊನೆಗೆ ನೀರಿನ ಟ್ಯಾಂಕಿನ ಪಕ್ಕ ಉದ್ದದ ಕಟ್ಟೆ ಕಟ್ಟಿಸಿ ಹತ್ತು ನಲ್ಲಿ ಹಾಕಿಸುವುದು, ಮೊಣಕೈಯಿಂದ ತಳ್ಳುವಂಥವು, ಮತ್ತು ವರ್ಷದ ಸೋಪಿನ ಖರ್ಚು ಎಂದಾಯಿತು. ಅಂದಾಜು ಪಟ್ಟಿ ಮುಖ್ಯೋಪಾಧ್ಯಾಯರ ಕೈಗೆ ಈಗಲೇ ಕೊಡುತ್ತಿದ್ದೇನೆ. ಪ್ಲಂಬರ್ ನಮ್ಮ ಜೊತೆಗೇ ಓದಿದವನು, ಅಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದಾನೆ. ಕೂಲಿ ಬೇಡ ಎಂದಿದ್ದಾನೆ, ಮಾತು ತಪ್ಪಿದರೆ ನೀವೆಲ್ಲ ಸಾಕ್ಷಿ.

ಊಟದ ಹೊತ್ತಾಯಿತು.