ಜರ್ಮನಿಗೆ ಓದಲು ಹೋಗುವ ಮಕ್ಕಳ ರೂಮಿನ ಚಿಂತೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತು)



ಬಿ.ಇ. ಮುಗಿಸಿ, ಕೆಲಸದ ಮೇಲೆ ಮ್ಯೂನಿಕ್‌ಗೆ ಹೋದವನು ನಾನು, ಅಲ್ಲಿ ಓದಿದವನಲ್ಲ. ಆದರೂ ಪ್ರತಿ ವರ್ಷ ಆಗಸ್ಟ್ ಬಂತೆಂದರೆ ನಮ್ಮ ಕಡೆಯಿಂದ ಫೋನು ಶುರುವಾಗುತ್ತದೆ: "ಅಣ್ಣಾ, ಸೀಟು ಸಿಕ್ಕಿದೆ, ರೂಮು ಸಿಕ್ಕಿಲ್ಲ." ಸಾಧನೆಯ ಮಾತಾಡಲು ನನಗಿಂತ ದೊಡ್ಡವರು ಇಲ್ಲಿದ್ದಾರೆ. ನಾನು ರೂಮಿನ ಮಾತನ್ನೇ ಆಡುತ್ತೇನೆ. ಮಕ್ಕಳ ಓದಿಗೆಂದು ಜಮೀನಿನ ಪತ್ರ ಬ್ಯಾಂಕಿನಲ್ಲಿಟ್ಟವರು ಈ ಸಭೆಯಲ್ಲಿದ್ದೀರಿ.

ಹೋದ ವರ್ಷ ಒಬ್ಬ ಹುಡುಗ ಒಂದು ಮನೆಯ ಫೋಟೋ ಕಳಿಸಿದ. ಊರಿನ ನಡುಮಧ್ಯೆ, ಬಾಡಿಗೆ ಬರೀ 450 ಯೂರೋ. ಆ ದರಕ್ಕೆ ಅಲ್ಲಿ ಇಡೀ ಮನೆ ಸಿಗುವುದಿಲ್ಲ. ಮಾಲೀಕ ಬೇರೆ ದೇಶದಲ್ಲಿದ್ದಾನಂತೆ. ಅಡ್ವಾನ್ಸೂ ಮೊದಲ ತಿಂಗಳ ಬಾಡಿಗೆಯೂ ಸೇರಿ 1,350 ಯೂರೋ ಕಳಿಸಿದರೆ ಕೀಲಿ ಕೊರಿಯರ್‌ನಲ್ಲಿ ಬರುತ್ತದಂತೆ. ಅವರಪ್ಪ ಹಣ ಹೊಂದಿಸಿಯೂ ಆಗಿತ್ತು. "ಒಂದು ದಿನ ತಡೆಯಪ್ಪ" ಎಂದು ಆ ವಿಳಾಸಕ್ಕೆ ಹೋದೆ. ಅಲ್ಲಿ ಮನೆಗೆ ನಂಬರಿನ ಬದಲು ಬೆಲ್ಲಿನ ಪಕ್ಕ ಮನೆಯವರ ಹೆಸರಿರುತ್ತದೆ. ಮಾಲೀಕನ ಹೆಸರು ಎಲ್ಲೂ ಇರಲಿಲ್ಲ. ಬಾಗಿಲು ತೆರೆದ ಅಜ್ಜಿಯೊಬ್ಬರು, "ಹೀಗೆ ಕೇಳಿಕೊಂಡು ಬಂದವರಲ್ಲಿ ಈ ತಿಂಗಳು ನೀವು ಮೂರನೆಯವರು" ಎಂದರು.

ನೀರಿನಲ್ಲಿರುವ ಎಮ್ಮೆಗೆ ದಡದಲ್ಲಿ ವ್ಯಾಪಾರ ಅಂದರೆ ಇದೇ. ವೀಸಾಕ್ಕಾಗಿ ಖಾತೆಯಲ್ಲಿ 11,904 ಯೂರೋ ಇಟ್ಟರೂ ವಿದ್ಯಾರ್ಥಿಯ ಕೈಗೆ ಬರುವುದು ತಿಂಗಳಿಗೆ 992. 1,350 ಹೋದರೆ ಒಂದು ತಿಂಗಳ ಊಟಕ್ಕಿಂತ ಹೆಚ್ಚೇ ಹೋಯಿತು.

ಅಡ್ವಾನ್ಸಿಗೆ ಅಲ್ಲಿ ಕಾನೂನಿದೆ. ಬೆಂಗಳೂರಿನಲ್ಲಿ ಹತ್ತು ತಿಂಗಳದ್ದು ಕೊಟ್ಟು ರೂಢಿಯಿರುವ ನಮಗೆ ಇದು ನಂಬಿಕೆ ಬರುವುದಿಲ್ಲ: ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಅದೂ ಹೀಟರ್, ನೀರಿನ ಖರ್ಚು ಬಿಟ್ಟ ಬಾಡಿಗೆ. ಜರ್ಮನ್ನರು ಅದನ್ನು "ತಣ್ಣನೆಯ ಬಾಡಿಗೆ" ಎನ್ನುತ್ತಾರೆ. ಆ ಹಣವನ್ನು ಮೂರು ಕಂತಿನಲ್ಲಿ ಕಟ್ಟಬಹುದು, ಮೊದಲ ಕಂತು ಬಾಡಿಗೆ ಶುರುವಾದಾಗ. ಬ್ರೋಕರ್‌ನನ್ನು ಕರೆದವರೇ ಅವನ ಫೀಸು ಕೊಡಬೇಕೆಂಬ ನಿಯಮ 2015ರಿಂದ ಇದೆ.

ಇನ್ನೊಂದು ಕಾಗದ ಮುಖ್ಯ. ಮನೆಗೆ ಹೋದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಕೊಟ್ಟವರ ಸಹಿಯ ಪತ್ರ ಬೇಕು. "ಇಲ್ಲಿರು, ಆದರೆ ನೋಂದಣಿ ಬೇಡ" ಎನ್ನುವವರ ಮನೆ ಎಷ್ಟು ಅಗ್ಗವಾದರೂ ಬೇಡ. ಮುಂದೆ ವಾಸದ ಪರವಾನಗಿ ಮಾಡಿಸುವಾಗ ತೊಂದರೆ.

ವಿದ್ಯಾರ್ಥಿಗಳಿಗಾಗಿಯೇ ಸ್ಟುಡೀರೆಂಡೆನ್‌ವೆರ್ಕ್ ಎಂಬ ಸಂಸ್ಥೆಯ ಹಾಸ್ಟೆಲುಗಳಿವೆ. ಬಾಡಿಗೆ ಕಡಿಮೆ, ಸರದಿ ಉದ್ದ. ಮ್ಯೂನಿಕ್‌ನಲ್ಲಿ ಕೆಲವಕ್ಕೆ ಸೆಮಿಸ್ಟರ್‌ಗಟ್ಟಲೆ ಕಾಯಬೇಕು. ಪ್ರವೇಶಪತ್ರ ಬಂದ ದಿನವೇ ಅರ್ಜಿ ಹಾಕಿಸಿ, ವೀಸಾ ಬರಲೆಂದು ಕಾಯಬೇಡಿ. ಸಿಗದಿದ್ದರೆ ಮೊದಲ ಎರಡು-ಮೂರು ವಾರ ಯೂತ್ ಹಾಸ್ಟೆಲ್‌ನಲ್ಲಿದ್ದು, ಕಣ್ಣಾರೆ ನೋಡಿ ಮನೆ ಹಿಡಿಯಲಿ. ಆ ಖರ್ಚು ದಂಡವಲ್ಲ.

ಹೆಣ್ಣುಮಕ್ಕಳ ತಾಯಂದಿರು ಕೇಳುತ್ತೀರಿ. ಹಂಚಿಕೊಳ್ಳುವ ಮನೆಗಳಲ್ಲಿ ಹುಡುಗಿಯರಿಗೇ ಮೀಸಲಾದವೂ ಇವೆ. ಮನೆ ನೋಡಲು ಒಬ್ಬಳೇ ಹೋಗದಿರಲಿ. ಉಳಿದ ಕೋಣೆಗಳಲ್ಲಿ ಯಾರಿದ್ದಾರೆ, ತನ್ನ ಕೋಣೆಗೆ ಬೀಗವಿದೆಯೇ ಎಂದು ಕೇಳಲಿ. ಅಲ್ಲಿ ಪೊಲೀಸರ ನಂಬರು 110.

ಈ ವರ್ಷ ಮಕ್ಕಳನ್ನು ಕಳಿಸುವವರು ಬಾಡಿಗೆ ಕರಾರಿನ ಪ್ರತಿ ತಂದಿದ್ದರೆ, ಊಟವಾದ ಮೇಲೆ ಎಂಟನೇ ತರಗತಿ ಕೋಣೆಯ ಮುಂದೆ ಸಿಗುತ್ತೇನೆ. ಜರ್ಮನ್ ಭಾಷೆಯಲ್ಲಿದ್ದರೂ ಪರವಾಗಿಲ್ಲ, ಕೂತು ಓದೋಣ.