ಲೆಕ್ಕ ತೋರಿಸದವನಿಗೆ ಬಾಕಿಯಿಲ್ಲ

(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವರ್ತಕರ ಕೂಡುಸಭೆಯಲ್ಲಿ ಮಾಡಿದ ಭಾಷಣ)



ಹಿಂದಿನ ತಿಂಗಳು ಒಂದು ಮಧ್ಯಾಹ್ನ, ಎರಡನೆಯ ಪಾಳಿಗೆ ಹೋಗಬೇಕಾಗಿದ್ದ ಕೆಲಸಗಾರರೊಬ್ಬರು ಗಿರಣಿಗೆ ಹೋಗದೆ ಸಂಘದ ಕಚೇರಿಗೆ ಬಂದು ಬೆಂಚಿನ ಮೇಲೆ ಕುಳಿತರು. ಬಹಳ ಹೊತ್ತು ಮಾತೇ ಆಡಲಿಲ್ಲ. ಚಹಾ ತರಿಸಿಕೊಟ್ಟ ಮೇಲೆ ಬಾಯಿ ಬಿಟ್ಟರು.

ನಾಲ್ಕು ದಿನಗಳ ಹಿಂದೆ ಅವರಿಗೊಂದು ಫೋನು ಬಂದಿತ್ತು. ಅತ್ತಲಿನವನು ಅವರ ಹೆಸರು, ತಂದೆಯ ಹೆಸರು, ಗಿರಣಿಯ ಹೆಸರು, ಆಧಾರ್ ಕಾರ್ಡಿನ ಕೊನೆಯ ನಾಲ್ಕು ಅಂಕಿ, ಎಲ್ಲವನ್ನೂ ಸರಿಯಾಗಿ ಹೇಳಿದ. "ನೀವು ಆ್ಯಪಿನಲ್ಲಿ ತೆಗೆದ ಸಾಲ ಬಡ್ಡಿ ಸೇರಿ 8,600 ರೂಪಾಯಿ ಆಗಿದೆ. ಕೋರ್ಟಿನಲ್ಲಿ ಕೇಸು ಬಿದ್ದಿದೆ. ನಾಲ್ಕು ಗಂಟೆಗೆ ಪೊಲೀಸರು ಗಿರಣಿಯ ಗೇಟಿಗೇ ಬರುತ್ತಾರೆ. ಈಗಲೇ ಅರ್ಧ ಕಟ್ಟಿದರೆ ಕೇಸು ತೆಗೆಸುತ್ತೇವೆ" ಎಂದ. ಇವರು 4,300 ರೂಪಾಯಿ ಕಟ್ಟಿದರು. ಎರಡು ದಿನ ಕಳೆದು ಇನ್ನೊಬ್ಬ ವಕೀಲರ ಫೀಜೆಂದು 6,000 ಕೇಳಿದ. ಕೈಗಡ ತಂದು ಅದನ್ನೂ ಕಟ್ಟಿದರು. ಅವರು ನಮ್ಮಲ್ಲಿಗೆ ಬಂದದ್ದು ಮೂರನೆಯ ಫೋನು ಬಂದ ದಿನ.

"ನೀವು ತೆಗೆದುಕೊಂಡ ಸಾಲ ಎಷ್ಟು?" ಎಂದು ಕೇಳಿದೆ.

"ಒಂದು ಕಾಸೂ ಇಲ್ಲ, ಮೇಷ್ಟ್ರೇ."

"ಮತ್ತೇಕೆ ಕಟ್ಟಿದಿರಿ?"

ಅವರು ನೆಲ ನೋಡುತ್ತ ಹೇಳಿದರು: "ಮಗಳ ಮದುವೆ ಮಾತುಕತೆ ನಡೆದಿದೆ. ಗೇಟಿಗೆ ಪೊಲೀಸರು ಬಂದರೆ ಬೀಗರ ಕಿವಿಗೆ ಬೀಳದೆ ಇರುತ್ತದೆಯೇ?"

ಮಿತ್ರರೇ, ಈ ಕಳ್ಳರ ಬಂಡವಾಳ ಯಾವುದೆಂಬುದು ಈ ಒಂದು ಮಾತಿನಲ್ಲಿದೆ. ಅವರ ಹತ್ತಿರ ಸಾಲಪತ್ರವಿಲ್ಲ, ಕೋರ್ಟಿನ ಆಜ್ಞೆಯಿಲ್ಲ, ಪೊಲೀಸರೂ ಇಲ್ಲ. ಇರುವುದು ನಮ್ಮ ಮಾನದ ಭಯ ಮಾತ್ರ. ಅದನ್ನು ನಮ್ಮಿಂದಲೇ ತೆಗೆದುಕೊಂಡು ನಮಗೇ ಬಡ್ಡಿಗೆ ಕೊಡುತ್ತಾರೆ.

ನಮ್ಮ ವಿವರ ಅವರಿಗೆ ಹೇಗೆ ಸಿಗುತ್ತದೆ ಎಂದು ನೀವು ಕೇಳಬಹುದು. ಸಿಮ್ಮಿಗೊಂದು, ಚೀಟಿಗೊಂದು, ಬಾಡಿಗೆ ಮನೆಗೊಂದು ಎಂದು ಆಧಾರಿನ ಜೆರಾಕ್ಸನ್ನು ನಾವು ಊರೆಲ್ಲ ಹಂಚಿದ್ದೇವೆ. ಸಾಲ ಕೊಡುವ ಕಳ್ಳ ಆ್ಯಪನ್ನು ನಿಮ್ಮ ಪರಿಚಯದವರು ಯಾರೋ ಹಾಕಿಕೊಂಡರೂ ಸಾಕು. ಅದು ಅವರ ಫೋನಿನಲ್ಲಿರುವ ಹೆಸರು ನಂಬರುಗಳನ್ನೆಲ್ಲ ಎಳೆದುಕೊಳ್ಳುತ್ತದೆ, ಅದರಲ್ಲಿ ನಿಮ್ಮದೂ ಇರುತ್ತದೆ. ಆದುದರಿಂದ ಹೆಸರು ಸರಿಯಾಗಿ ಹೇಳಿದ ಮಾತ್ರಕ್ಕೆ ಅವನು ಸಾಲ ಕೊಟ್ಟವನಾಗುವುದಿಲ್ಲ. ನನ್ನ ಹೆಸರು ನಮ್ಮ ಬೀದಿಯ ಹಾಲಿನವನಿಗೂ ಗೊತ್ತು.

ಇದು ಯಾರೋ ಪುಂಡ ಹುಡುಗರ ಆಟವೆಂದೂ ತಿಳಿಯಬೇಡಿ. 2022ರ ಸೆಪ್ಟೆಂಬರಿನಲ್ಲಿ ಜಾರಿ ನಿರ್ದೇಶನಾಲಯದವರು ಬೆಂಗಳೂರಿನಲ್ಲಿ ಸಾಲದ ಆ್ಯಪುಗಳ ಸಂಬಂಧ ಶೋಧ ನಡೆಸಿ 17 ಕೋಟಿ ರೂಪಾಯಿ ಹಿಡಿದರು. ಅದಕ್ಕೆ ಆಧಾರ, ಬೆಂಗಳೂರಿನ ಸೈಬರ್ ಪೊಲೀಸರು ಸುಲಿಗೆ ಮತ್ತು ಕಿರುಕುಳದ ಬಗ್ಗೆ ದಾಖಲಿಸಿದ್ದ 18 ಮೊಕದ್ದಮೆಗಳು. ಇಲ್ಲಿಯವರ ಕಾಗದಪತ್ರಗಳನ್ನು ಖೋಟಾ ರೀತಿಯಲ್ಲಿ ಬಳಸಿ ಅವರನ್ನು ಹೆಸರಿಗೆ ಡೈರೆಕ್ಟರುಗಳನ್ನಾಗಿ ಮಾಡಿದ್ದರು, ನಿಜವಾದ ಹಿಡಿತ ಹೊರದೇಶದವರ ಕೈಯಲ್ಲಿತ್ತು ಎಂದು ನಿರ್ದೇಶನಾಲಯವೇ ಹೇಳಿತು. ಬಡವನನ್ನು ಹೆದರಿಸಿ ಕಸಿದ ಐನೂರು ಸಾವಿರಗಳೇ ಕೂಡಿ ಕೋಟಿಗಳಾಗುತ್ತವೆ.

ಈಗ ಕಾನೂನು ಏನು ಹೇಳುತ್ತದೆ ಎಂಬುದನ್ನು ನೋಡೋಣ. ನಾನು ವಕೀಲನಲ್ಲ. ಆದರೆ ನಾಲ್ಕು ಮಾತು ಪ್ರತಿಯೊಬ್ಬರಿಗೂ ಬಾಯಿಪಾಠವಾಗಿರಬೇಕು.

ಮೊದಲನೆಯದು, ತೀರಿಸದ ಸಾಲ ಸಿವಿಲ್ ವ್ಯಾಜ್ಯ. ಸಾಲ ಬಾಕಿಯಿದೆ ಎಂಬ ಕಾರಣಕ್ಕೆ ಪೊಲೀಸರು ಬಂದು ಎಳೆದೊಯ್ಯುವಂತಿಲ್ಲ. ಸಾಲ ಕೊಟ್ಟವನು ಕೋರ್ಟಿಗೆ ಹೋಗಿ ದಾವೆ ಹೂಡಿ ಡಿಕ್ರಿ ಪಡೆಯಬೇಕು. ಡಿಕ್ರಿಯಾದ ಮೇಲೂ, ಕೈಯಲ್ಲಿ ಹಣವಿದ್ದು ದುರುದ್ದೇಶದಿಂದ ಕೊಡದವನ ಮಾತು ಬೇರೆ. ಬಡವನೆಂಬ ಒಂದೇ ಕಾರಣಕ್ಕೆ ಯಾರನ್ನೂ ಸೆರೆಗೆ ಹಾಕುವಂತಿಲ್ಲವೆಂದು 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ವರ್ತಕ ಮಿತ್ರರಿಗೆ ಒಂದು ಎಚ್ಚರಿಕೆ: ನೀವು ಕೊಟ್ಟ ಚೆಕ್ಕು ವಾಪಸಾದರೆ ಅದು ಕ್ರಿಮಿನಲ್ ಕೇಸಾಗಬಲ್ಲದು. ಆದರೆ ಅಲ್ಲಿಯೂ ಮೊದಲು ಬರಹದಲ್ಲಿ ನೋಟೀಸು ಬರಬೇಕು, ಅದು ತಲುಪಿದ ಮೇಲೆ ಹಣ ಕೊಡಲು 15 ದಿನ ಅವಕಾಶವಿರಬೇಕು. ನಾಲ್ಕು ಗಂಟೆಗೆ ಪೊಲೀಸರು ಬರುತ್ತಾರೆ ಎಂಬ ಮಾತು ಎಲ್ಲಿಯೂ ಇಲ್ಲ. ವಿಡಿಯೋ ಕರೆಯಲ್ಲಿ ಖಾಕಿ ತೊಟ್ಟು 'ಡಿಜಿಟಲ್ ಅರೆಸ್ಟ್' ಎನ್ನುತ್ತಾರಲ್ಲ, ಅಂಥ ಬಂಧನ ನಮ್ಮ ದೇಶದ ಯಾವ ಕಾಯಿದೆಯಲ್ಲಿಯೂ ಇಲ್ಲ.

ಎರಡನೆಯದು, ನಿಜವಾದ ಸಾಲ ವಸೂಲಿಗೂ ಕಟ್ಟುಪಾಡಿದೆ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಫೋನು ಮಾಡಬಾರದೆಂದು ರಿಸರ್ವ್ ಬ್ಯಾಂಕು 2022ರ ಆಗಸ್ಟಿನಲ್ಲಿ ಸುತ್ತೋಲೆ ಹೊರಡಿಸಿತು. ಬೈಯುವುದು, ಬೆದರಿಸುವುದು, ನೆಂಟರಿಷ್ಟರ ಮುಂದೆ ಅವಮಾನಿಸುವುದು, ಎಲ್ಲವನ್ನೂ ಅದು ನಿಷೇಧಿಸಿತು.

ಮೂರನೆಯದು, ಆ್ಯಪಿನ ಮೂಲಕ ಕೊಟ್ಟ ಸಾಲವಾದರೂ ಅದರ ಹಿಂದೆ ಒಂದು ಬ್ಯಾಂಕೋ ನೋಂದಾಯಿತ ಹಣಕಾಸು ಸಂಸ್ಥೆಯೋ ಇರಲೇಬೇಕು. ಹಣ ಆ ಸಂಸ್ಥೆಯಿಂದ ನೇರವಾಗಿ ನಿಮ್ಮ ಖಾತೆಗೆ ಬಂದಿರಬೇಕು. ಕಂತು ನಿಮ್ಮಿಂದ ನೇರವಾಗಿ ಅದರ ಖಾತೆಗೆ ಹೋಗಬೇಕು. ಫೋನು ಮಾಡಿದವನು ಯಾರೋ ಒಬ್ಬ ವ್ಯಕ್ತಿಯ ಹೆಸರಿಗೆ ಯುಪಿಐ ಮಾಡಿರಿ ಎಂದರೆ, ಅಲ್ಲಿಗೆ ಅವನ ಬಣ್ಣ ಬಯಲಾಯಿತೆಂದೇ ತಿಳಿಯಿರಿ.

ನಾಲ್ಕನೆಯದು, ನಮ್ಮ ರಾಜ್ಯದಲ್ಲಿ ಕಿರುಸಾಲ ವಸೂಲಿಯ ಕಿರುಕುಳ ತಾಳದೆ ಜನ ಊರು ಬಿಟ್ಟರು, ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಆ ಮೇಲೆ 2025ರ ಫೆಬ್ರವರಿಯಲ್ಲಿ ಸರ್ಕಾರ ಅಧ್ಯಾದೇಶ ತಂದು, ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ ಎಂದು ಗೊತ್ತುಮಾಡಿತು. ನಿಜವಾಗಿ ಕೊಟ್ಟ ಸಾಲಕ್ಕೇ ಬೆದರಿಕೆ ಅಪರಾಧವಾದ ಮೇಲೆ, ಕೊಡದ ಸಾಲಕ್ಕೆ ಬೆದರಿಸುವವನು ಶುದ್ಧ ಸುಲಿಗೆಗಾರನಲ್ಲದೆ ಮತ್ತೇನು?

ಹಾಗಾದರೆ ಫೋನು ಬಂದಾಗ ಮಾಡಬೇಕಾದುದೇನು? ಇದನ್ನು ನನಗೆ ಕಲಿಸಿದವರು ನಮ್ಮ ಸಂತೆಯಲ್ಲಿ ತರಕಾರಿ ಮಾರುವ ಒಬ್ಬ ತಾಯಿ. ಅವರಿಗೂ ಇಂಥದೇ ಫೋನು ಬಂತು. ಆಕೆ ಹೆದರಲಿಲ್ಲ. "ಯಾವ ಬ್ಯಾಂಕಪ್ಪಾ? ಯಾವತ್ತು ಕೊಟ್ಟೆ? ನನ್ನ ಯಾವ ಖಾತೆಗೆ ಹಾಕಿದೆ? ಸಾಲದ ನಂಬರೇನು? ಕಾಗದದಲ್ಲಿ ಬರೆದು ಮನೆಗೆ ಕಳಿಸು, ನೋಡ್ತೀನಿ" ಎಂದರು. ಅವನು ರೇಗಿದ, ಬೈದ, ಕಡೆಗೆ ತಾನೇ ಫೋನಿಟ್ಟ. "ನನ್ನ ಪುಸ್ತಕದಲ್ಲಿ ಇಲ್ಲದ ಬಾಕಿ ನನ್ನ ಬಾಕಿ ಹೆಂಗಾಗ್ತದೆ?" ಎಂದು ಆಕೆ ನನ್ನನ್ನೇ ಕೇಳಿದರು. ಹತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ನನಗೆ ಇದಕ್ಕಿಂತ ಒಳ್ಳೆಯ ಪಾಠ ಹೇಳಲು ಬಾರದು.

ಇಷ್ಟು ಪ್ರಶ್ನೆ ಕೇಳಿ ಫೋನಿಟ್ಟುಬಿಡಿ. ಒಟಿಪಿ, ಪಿನ್, ಆಧಾರ್ ಯಾವುದನ್ನೂ ಹೇಳಬೇಡಿ. ಅವನು ಕಳಿಸಿದ ಕೊಂಡಿಯನ್ನು ಒತ್ತಬೇಡಿ. ವಾಟ್ಸಾಪಿನಲ್ಲಿ ಬಂದ ಕೋರ್ಟಿನ ಮುದ್ರೆ ಕಂಡು ನಡುಗಬೇಡಿ. ಮುದ್ರೆ ಬರೆಯಲು ಒಂದು ಕಂಪ್ಯೂಟರು ಸಾಕು. ಸಂಶಯವಿದ್ದರೆ ಪಾಸ್‌ಬುಕ್ಕಿನ ಮೇಲಿರುವ ನಂಬರಿಗೆ ನೀವೇ ಫೋನು ಮಾಡಿ, ಇಲ್ಲವೇ ಶಾಖೆಗೆ ಹೋಗಿ ಕೇಳಿ. ನಿಮ್ಮ ಹೆಸರಿನಲ್ಲಿ ಬೇರೆ ಯಾರಾದರೂ ಸಾಲ ತೆಗೆದಿದ್ದಾರೆಯೇ ಎಂದು ನೋಡಲು ಸಿಬಿಲ್ ಮೊದಲಾದ ನಾಲ್ಕು ಸಾಲಮಾಹಿತಿ ಕಂಪೆನಿಗಳಿವೆ. ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಪುಕ್ಕಟೆಯಾಗಿ ಕೊಡುವುದು ಅವುಗಳ ಹೊಣೆ. ಓದು ಬಾರದವರು ಸಂಘದ ಕಚೇರಿಗೆ ಬನ್ನಿ, ನಮ್ಮ ಹುಡುಗರು ತೆಗೆದುಕೊಡುತ್ತಾರೆ.

ಹಣ ಹೋಗಿಬಿಟ್ಟಿದ್ದರೆ ಅಳುತ್ತ ಕೂಡಬೇಡಿ. ಕೂಡಲೇ 1930ಕ್ಕೆ ಫೋನು ಮಾಡಿ. ಹಣ ಖಾತೆಯಿಂದ ಖಾತೆಗೆ ಹಾರುತ್ತಿರುತ್ತದೆ. ಬೇಗ ತಿಳಿಸಿದಷ್ಟೂ ನಡುದಾರಿಯಲ್ಲಿ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಕಟ್ಟಿದ ರಸೀತಿ, ಬಂದ ಸಂದೇಶ, ಫೋನು ನಂಬರು ಒಂದನ್ನೂ ಅಳಿಸದೆ ಪೊಲೀಸ್ ಠಾಣೆಗೆ ದೂರು ಕೊಡಿ. ಹೆಣ್ಣುಮಕ್ಕಳ ಚಿತ್ರವನ್ನು ಕೆಡಿಸಿ ಎಲ್ಲರಿಗೂ ಕಳಿಸುತ್ತೇವೆ ಎಂದು ಬೆದರಿಸಿದರೂ ಹಣ ಕೊಡಬೇಡಿ. ಒಮ್ಮೆ ಕೊಟ್ಟ ಮನೆಗೆ ಅವರು ಮತ್ತೆ ಮತ್ತೆ ಬರುತ್ತಾರೆ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂಜರಿಯಬೇಡಿ. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಹೆಂಗಸರಿಗೆ, ಪರಿಶಿಷ್ಟರಿಗೆ, ಕೈಗಾರಿಕಾ ಕಾರ್ಮಿಕರಿಗೆ ಪುಕ್ಕಟೆ ಕಾನೂನು ನೆರವಿನ ಹಕ್ಕಿದೆ. ಅದರ ಸಹಾಯವಾಣಿ 15100.

ಆದರೆ ಎಲ್ಲಕ್ಕಿಂತ ಮೊದಲು ಮಾಡಬೇಕಾದುದು ಇನ್ನೊಂದಿದೆ. ಹೇಳಿಕೊಳ್ಳುವುದು. ಹೆಂಡತಿಗೆ, ಪಕ್ಕದ ಸಾಂಚೆಯವನಿಗೆ, ಎದುರಂಗಡಿಯವನಿಗೆ ಹೇಳಿಕೊಳ್ಳುವುದು. ಅಂದು ನಮ್ಮ ಬೆಂಚಿನ ಮೇಲೆ ಕುಳಿತವರು ನಾಲ್ಕು ದಿನ ಯಾರಿಗೂ ಹೇಳಿರಲಿಲ್ಲ. ಅವರ ಒಪ್ಪಿಗೆ ಪಡೆದು ಮರುದಿನ ಗೇಟಿನ ಬಳಿ ಈ ಮಾತನ್ನು ನಾವು ಎತ್ತಿದಾಗ, ಅದೇ ಗಿರಣಿಯ ಇನ್ನೂ ಮೂವರು ಮುಂದೆ ಬಂದು, "ನನಗೂ ಹೀಗೇ ಆಯಿತು" ಎಂದರು. ನಾಲ್ವರೂ ಒಂದೇ ಸೂರಿನಡಿ ದುಡಿಯುತ್ತ, ಒಬ್ಬರಿಗೊಬ್ಬರು ಮುಚ್ಚಿಟ್ಟುಕೊಂಡು ಒಂಟಿಯಾಗಿ ಸುಲಿಗೆಗೊಳಗಾಗಿದ್ದರು. ಮೊದಲನೆಯವನು ಬಾಯಿ ಬಿಟ್ಟಿದ್ದರೆ ಉಳಿದ ಮೂವರ ಹಣ ಉಳಿಯುತ್ತಿತ್ತು. ಆ ನಾಲ್ವರೂ ಒಟ್ಟಾಗಿ ಠಾಣೆಗೆ ಹೋಗಿ ದೂರು ಕೊಟ್ಟರು. ಹಣ ಇನ್ನೂ ಬಂದಿಲ್ಲ. ಫೋನು ಮಾತ್ರ ನಿಂತಿದೆ. ಮಗಳ ಮದುವೆಯ ಮಾತೂ ಮುರಿಯಲಿಲ್ಲ. ಬೀಗರಿಗೂ ಅಂಥದೇ ಫೋನು ಬಂದಿತ್ತಂತೆ!

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಎದ್ದು ನಿಂತದ್ದು ನಿಮಗೆ ಗೊತ್ತಿದೆ. ಅಲ್ಲಿಯ ಜಗಳ ಮೊದಲಾದದ್ದು ಕೊಳಗದ ಅಳತೆಯಿಂದ. ಧಣಿಯ ಕೊಳಗ ಎಷ್ಟು ದೊಡ್ಡದೆಂದು ಒಬ್ಬೊಬ್ಬನೇ ಕೇಳಲಾರದೆ ತಲೆತಲಾಂತರ ಅಳೆದು ಕೊಟ್ಟವರು, ಒಟ್ಟಾಗಿ ನಿಂತು "ಅಳತೆ ಸರಿಯಿಲ್ಲ" ಎಂದರು. ಸಮಾಜವಾದಿಗಳು ಅವರ ಜೊತೆಗೆ ನಿಂತರು; ಡಾಕ್ಟರ್ ಲೋಹಿಯಾ ಬಂದು ಬಂಧನಕ್ಕೊಳಗಾದರು. ಇಂದಿನ ಧಣಿಗೆ ಮುಖವಿಲ್ಲ, ಊರಿಲ್ಲ, ಬರಿಯ ದನಿ ಮಾತ್ರ. ಆದರೆ ಅವನ ಮುಂದಿಡಬೇಕಾದ ಪ್ರಶ್ನೆ ಹಳೆಯದೇ: ನಿನ್ನ ಲೆಕ್ಕ ತೋರಿಸು.

ಕೊನೆಗೆ ಒಂದು ಮಾತು. ಸಂಬಳ ಹತ್ತು ದಿನ ತಡವಾದರೆ, ಅಂಗಡಿಗೆ ಸರಕು ತುಂಬಲು ಹತ್ತು ಸಾವಿರ ಬೇಕಾದರೆ, ಬ್ಯಾಂಕಿನ ಬಾಗಿಲು ನಮಗೆ ತೆರೆಯುವುದಿಲ್ಲ. ಆ್ಯಪಿನ ಬಾಗಿಲು ಮಾತ್ರ ನಡುರಾತ್ರಿಯೂ ತೆರೆದಿರುತ್ತದೆ. ಸಣ್ಣ ಸಾಲ ನ್ಯಾಯವಾಗಿ ಸಿಗುವ ತನಕ ಈ ಕಳ್ಳರಿಗೆ ಬೇಟೆ ತಪ್ಪದು. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದ ರೈತರು ಸಿದ್ಧನಗೌಡ ಪಾಟೀಲರ ಮುಂದಾಳುತನದಲ್ಲಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. ಹಳ್ಳಿಯ ರೈತರು ಅಂದು ಮಾಡಿದ್ದನ್ನು ಇಂದು ಪಟ್ಟಣದ ಕಾರ್ಮಿಕರೂ ವರ್ತಕರೂ ಸೇರಿ ಮಾಡಲಾರರೇ? ನಮ್ಮದೇ ಪತ್ತಿನ ಸಂಘದ ಯೋಜನೆಯನ್ನು ಮುಂದಿನ ಸಭೆಯ ಮುಂದಿಡುತ್ತೇವೆ. ಎಲ್ಲರೂ ಬರಬೇಕು.

ಅಲ್ಲಿಯವರೆಗೆ ಎರಡೇ ಮಾತು ನೆನಪಿರಲಿ: ಲೆಕ್ಕ ತೋರಿಸದವನಿಗೆ ಕಾಸು ಕೊಡಬೇಡಿ, ಹೆದರಿಕೆಯನ್ನು ಒಬ್ಬರೇ ಹೊತ್ತು ತಿರುಗಬೇಡಿ. ಸಾಲ ಮಾಡದವನಿಗೆ ನಾಚಿಕೆ ಬೇಡ, ಸಾಲ ಮಾಡಿದ ಬಡವನಿಗೂ ನಾಚಿಕೆ ಬೇಡ. ನಾಚಬೇಕಾದವನು ಸುಲಿಯುವವನು.